ಸಹಾಯ ಬೇಕು: ಆನ್‌ಲೈನ್ ಕನ್ನಡ ಪಾಠಕ್ಕೆ ಯಾವ ಡೊಮೇನ್ ಹೆಸರು (ವೆಬ್‌ಸೈಟ್ ವಿಳಾಸ)?

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿಯಲ್ಲಿ. ಮುಂಬೈಯಲ್ಲೇ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ಆನ್‌ಲೈನ್ ಕ್ಲಾಸ್ ಶುರು ಮಾಡುತ್ತಿದ್ದೇನೆ.

‘ಕನ್ನಡ ಪಾಠ’ ಅನ್ನೋ ಹೆಸರು ಇಷ್ಟವಾಗಿದೆ. ಕಷ್ಟ ಇರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ‘ಪಾ’ಗೆ ಒಂದು ‘ಎ’ ಸಾಕಾ, ಎರಡು ಬೇಕಾ? ‘ಠ’ಕ್ಕೆ ‘ಎಚ್’ ಹಾಕಲಾ? ಫೋನಿನಲ್ಲಿ ಹೇಳಿದರೆ ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. ಜೊತೆಗೆ ಮರಾಠಿಯಲ್ಲಿ ಪಾಠ ಅಂದರೆ ಬೆನ್ನು ಅಂತಲೂ ಅರ್ಥ ಇದೆ, ಅಲ್ವಾ? ನಡುವೆ ಅಡ್ಡಗೆರೆ ಬೇಡ, ಜನ ಮರೆಯುತ್ತಾರೆ.

ವಿಳಾಸದ ಕೊನೆಗೆ ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಇದೆ. ಆದರೆ ಅಪ್ಪ-ಅಮ್ಮಂದಿರ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇರಬೇಕಲ್ಲ! ‘ಡಾಟ್ ಇನ್’ ಸಾಕಾ, ‘ಡಾಟ್ ಕಾಮ್’ ಕೂಡ ತೆಗೆದುಕೊಳ್ಳಲಾ? ಮುಂದೆ ಗಣಿತವನ್ನೂ ಸೇರಿಸುವ ಆಸೆಯಿದೆ. ಹಾಗಿದ್ದರೆ ಹೆಸರಲ್ಲಿ ‘ಕನ್ನಡ’ ಇರಲೋ ಬೇಡವೋ? ಅನುಭವ ಇದ್ದವರು ದಯವಿಟ್ಟು ಹೇಳಿ.