ಪ್ರಾರ್ಥನೆಗೆ ಮುಂದೆ, ಕೂಲಿ ಕೊಡಲು ಹಿಂದೆ: ಸಭೆಯ ಹಿರಿಯರ ಬಗ್ಗೆ ಏನು ಮಾಡಲಿ?

ಪ್ರಶ್ನೆ: ಶಿವಮೊಗ್ಗ ತಾಲ್ಲೂಕಿನಿಂದ, ಗೃಹಿಣಿ

ಎಲ್ಲರಿಗೂ ವಂದನೆಗಳು. ಮದುವೆಯಾಗಿ ಬಂದ ಮೇಲೆ ಇಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೇನೆ. ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ಪ್ರಾರ್ಥನೆಗೆ ನಿಂತರೆ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಸತ್ಯವೇದ (ಬೈಬಲ್) ಬಾಯಿಪಾಠ. ಆದರೆ ಅವರ ತೋಟಕ್ಕೆ ಹೋಗುವ ಹೆಂಗಸರಿಗೆ ತಿಂಗಳುಗಟ್ಟಲೆ ಕೂಲಿ ಬಾಕಿ. ಕೇಳಿದರೆ ಬೈಗುಳ. ಕಮಿಟಿ ಚುನಾವಣೆ ಬಂತೆಂದರೆ ಸಭೆಯೇ ಎರಡು ಗುಂಪಾಗುತ್ತದೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕೂಲಿಗೆ ಹೋಗುವವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯವರು, ಕ್ರೈಸ್ತರಲ್ಲ. "ನಿಮ್ಮ ಚರ್ಚಿನ ದೊಡ್ಡವರು ಹೀಗೇನಾ?" ಎಂದು ಮೊನ್ನೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಗೆ ಹೇಳಿದರೆ "ತೀರ್ಪು ಮಾಡಬೇಡ" ಅನ್ನುತ್ತಾರೆ. ಇಷ್ಟು ವರ್ಷ ನಂಬಿಕೆಯಲ್ಲಿ ಇದ್ದವರು ಯಾಕೆ ಹೀಗಿರುತ್ತಾರೆ? ಸಭೆ ಬಿಡಬೇಕಾ? ಮಾತಾಡಬೇಕಾ? ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಭದ್ರಾವತಿಯಿಂದ, ನಿವೃತ್ತ ಶಿಕ್ಷಕಿ

ತಂಗಿ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾಗಿದ್ದು ಸತ್ಯವೇದದಲ್ಲಿ ಬರುವ ಕೊರಿಂಥ ಪಟ್ಟಣದ ಸಭೆ. ಯೇಸುವಿನ ಅಪೊಸ್ತಲನಾದ ಪೌಲ ಅಲ್ಲಿ ಒಂದೂವರೆ ವರ್ಷ ಇದ್ದು ಕಲಿಸಿದವನು. ಆಮೇಲೆ ಎಫೆಸದಿಂದ ಅವರಿಗೆ ಪತ್ರ ಬರೆದ. ಮೊದಲನೆಯ ಪತ್ರಿಕೆಯ 1ನೇ ಅಧ್ಯಾಯದಲ್ಲಿ ನಿಮಗೆ ದೇವರು ಕೊಡುವ ಯಾವ ವರದಲ್ಲೂ ಕೊರತೆ ಇಲ್ಲ ಅನ್ನುತ್ತಾನೆ. 3ನೇ ಅಧ್ಯಾಯಕ್ಕೆ ಬಂದರೆ ಅದೇ ಜನರನ್ನು ಎಳೆಕೂಸುಗಳು ಅನ್ನುತ್ತಾನೆ. ನಿಮಗೆ ಹಾಲು ಕುಡಿಸಿದೆ, ಗಟ್ಟಿ ಆಹಾರ ಕೊಡಲಿಲ್ಲ, ಈಗಲೂ ಅದಕ್ಕೆ ನಿಮಗೆ ಶಕ್ತಿ ಇಲ್ಲ ಅನ್ನುತ್ತಾನೆ. ಕಾರಣ ಏನು ಕೊಡುತ್ತಾನೆ ನೋಡಿ: ಹೊಟ್ಟೆಕಿಚ್ಚು ಮತ್ತು ಜಗಳ. ನಾನು ಪೌಲನ ಕಡೆಯವನು, ನಾನು ಅಪೊಲ್ಲೋಸನ (ಅಲ್ಲಿ ಕಲಿಸಿದ ಇನ್ನೊಬ್ಬ ಬೋಧಕ) ಕಡೆಯವನು ಎಂಬ ಗುಂಪುಗಾರಿಕೆ. 6ನೇ ಅಧ್ಯಾಯದಲ್ಲಿ ಒಂದೇ ಸಭೆಯ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ. 11ರಲ್ಲಿ ಯೇಸುವನ್ನು ನೆನೆದು ಒಟ್ಟಿಗೆ ಉಣ್ಣುವ ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಮುಗಿಸಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ.

ವರ ಒಂದೇ ದಿನದಲ್ಲಿ ಸಿಗಬಹುದು. ಗುಣ ಹಾಗೆ ಬರುವುದಿಲ್ಲ. ಪ್ರಾರ್ಥನೆ ಚೆನ್ನಾಗಿ ಮಾಡುವವರನ್ನು ನಾವೇ ಬೆಳೆದವರು ಎಂದು ತಿಳಿದು ಮುಂದೆ ಕೂರಿಸಿಬಿಡುತ್ತೇವೆ. ಅಲ್ಲೇ ಸಭೆಗಳು ಎಡವುವುದು.

ನಮ್ಮೂರಿನದೇ ಒಂದು ಸಂಗತಿ ಹೇಳುತ್ತೇನೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಬಂದ ಮೇಲೆ ಭದ್ರಾವತಿಗೆ ತಮಿಳರು, ಮಲಯಾಳಿಗಳು, ತೆಲುಗರು ಎಲ್ಲರೂ ಬಂದು ಸೇರಿದರು. ನಾನು ಹೋಗುತ್ತಿದ್ದ ಸಭೆಯಲ್ಲಿ ಕನ್ನಡ ಆರಾಧನೆ, ತಮಿಳು ಆರಾಧನೆ ಎರಡೂ ಇದ್ದವು. ಒಳ್ಳೆಯ ಹೊತ್ತು ಯಾರಿಗೆ ಅಂತ ಜಗಳ ಶುರುವಾಯಿತು. ಎಲ್ಲರಿಗಿಂತ ಜಾಸ್ತಿ ವಚನ ಗೊತ್ತಿದ್ದವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಅದನ್ನು ನಿಲ್ಲಿಸಿದ್ದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ಒಬ್ಬ ತಾತ. ಅವರಿಗೆ ಓದು ಅಷ್ಟಕ್ಕಷ್ಟೆ. "ನಾವು ಬೇಗ ಎದ್ದು ಬರುತ್ತೇವೆ, ಅವರಿಗೇ ಆ ಹೊತ್ತು ಕೊಡಿ" ಎಂದು ತಮ್ಮ ಕಡೆಯವರ ಎದುರೇ ಹೇಳಿದರು. ಅವರ ಕಡೆಯವರಿಗೆ ಸಿಟ್ಟು ಬಂತು. ತಾತ ಮಾತು ಬದಲಿಸಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ 5ರ ಕೊನೆಯಲ್ಲಿ ಗಟ್ಟಿ ಆಹಾರ ಯಾರಿಗೆ ಅಂತ ಇದೆ: ಒಳ್ಳೆಯದು ಕೆಟ್ಟದ್ದನ್ನು ಗುರುತಿಸುವುದನ್ನು ಅಭ್ಯಾಸದಿಂದ ರೂಢಿಸಿಕೊಂಡವರಿಗೆ. ಆ ತಾತನಿಗೆ ಬಿಟ್ಟುಕೊಡುವ ಅಭ್ಯಾಸ ಇತ್ತು.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಮತ್ತಾಯ 7ರಲ್ಲಿ "ತೀರ್ಪು ಮಾಡಬೇಡಿ" ಎಂದು ಇರುವುದು ನಿಜ. ಆದರೆ ದಯವಿಟ್ಟು 5ನೇ ವಚನದ ತನಕ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ನಿನ್ನ ಸಹೋದರನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎಂದಿದೆ. ರವೆಯನ್ನು, ಅಂದರೆ ಇನ್ನೊಬ್ಬರ ತಪ್ಪನ್ನು, ಹಾಗೇ ಬಿಡು ಎಂದಿಲ್ಲ. ಸಭೆ ಬಿಡುವ ಬಗ್ಗೆಯೂ ಒಂದು ಮಾತು. ಇಷ್ಟೆಲ್ಲ ಕೆಟ್ಟಿದ್ದರೂ ಕೊರಿಂಥದ ಸಭೆ ಬಿಟ್ಟು ಹೋಗಿ ಎಂದು ಪೌಲ ಯಾರಿಗೂ ಬರೆಯಲಿಲ್ಲ.

ತೀರ್ಥಹಳ್ಳಿ ಕಡೆಯಿಂದ, ಅಡಿಕೆ ಬೆಳೆಗಾರ

ನಾನೂ ತೋಟದವನೇ, ಹಾಗಾಗಿ ಕೂಲಿ ವಿಷಯ ನನಗೆ ಗೊತ್ತು.

ಆ ಹಿರಿಯರು ಏನು ಕಾರಣ ಹೇಳುತ್ತಾರೆ ಎಂದು ನಿಮಗೆ ಮೊದಲೇ ತಿಳಿದಿರಲಿ. ಅಡಿಕೆ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ಕೈಗೆ ಕಾಸು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲ ಆಗಲೇ ಕೊಡಬೇಕು. ಕೈ ಬರಿದಾಗುವ ತಿಂಗಳುಗಳು ನಿಜವಾಗಿಯೂ ಇವೆ. ಅದು ಸುಳ್ಳಲ್ಲ.

ಆದರೆ ರಾಶಿ ಅಡಿಕೆ ಚೀಲಗಳನ್ನು ಮನೆಯಲ್ಲಿ ಇಟ್ಟುಕೊಂಡು, ದರ ಏರಲಿ ಎಂದು ಕಾಯುತ್ತಾ, ಅದನ್ನು ಸುಲಿದ ಹೆಂಗಸರನ್ನೂ ಕಾಯಿಸುವುದು ಬೇರೆ. ಕಾಯುವ ತಾಕತ್ತು ಇರುವುದು ತೋಟದವರಿಗೆ. ಆ ಹೆಂಗಸರಿಗೆ ಶನಿವಾರ ಸಂತೆಗೆ ಹೋಗಲು ದುಡ್ಡು ಬೇಕು. ಯಾಜಕಕಾಂಡ 19ರಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನ ತನಕವೂ ಇಟ್ಟುಕೊಳ್ಳಬಾರದು ಎಂದಿದೆ. ಯಾಕೋಬ 5 ಇನ್ನೂ ಖಾರ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಬರೆದಿದೆ. ನಮ್ಮ ಮಲೆನಾಡಿನ ಪ್ರತಿ ತೋಟದ ಸಭೆಯಲ್ಲೂ ಕೊಯ್ಲಿನ ಸಮಯಕ್ಕೆ ಈ ಅಧ್ಯಾಯ ಓದಬೇಕು ಎಂಬುದು ನನ್ನ ಆಸೆ.

ನಮ್ಮಲ್ಲೂ ಇಂಥ ಒಬ್ಬ ಹಿರಿಯರಿದ್ದರು. ಪ್ರಾರ್ಥನಾ ಕೂಟ ಅವರ ಮನೆಯಲ್ಲೇ. ಸುಲಿತಕ್ಕೆ ಡಬ್ಬದ ಲೆಕ್ಕ. ಆ ಡಬ್ಬ ತಲೆ ಕಟ್ಟಿ, ಅಂದರೆ ಬಾಯಿಗಿಂತ ಮೇಲೆ ರಾಶಿಯಾಗಿ, ತುಂಬಿದರೆ ಮಾತ್ರ ಒಂದು ಎಂದು ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಎಷ್ಟೋ ಕೆ.ಜಿ. ಅಡಿಕೆ ಆ ತಲೆಯ ರಾಶಿಯಲ್ಲೇ ಕೂಲಿ ಇಲ್ಲದೆ ಹೋಗುತ್ತಿತ್ತು. ಒಂದು ರಾತ್ರಿ ಕೂಟದಲ್ಲಿ ವಾಡಿಕೆಯಂತೆ ಯಾಕೋಬನ ಪತ್ರಿಕೆ ಓದುತ್ತಾ 5ನೇ ಅಧ್ಯಾಯ ಬಂತು. ಹೊರಗೆ ಚಪ್ಪರದಲ್ಲಿ ಹೆಂಗಸರು ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅವರ ಮಾತು ಒಳಗೆ ಕೇಳುತ್ತಿತ್ತು. ಓದಿದ ಹುಡುಗನಿಗೆ ಇದೇನೂ ಗೊತ್ತಿಲ್ಲ, ಸುಮ್ನೆ ತನ್ನ ಪಾಲಿನ ವಚನ ಓದಿದ. ಹಿರಿಯರು ಆ ದಿನ ಏನೂ ಮಾತಾಡಲಿಲ್ಲ. ಸ್ವಲ್ಪ ದಿನಕ್ಕೆ ಚಪ್ಪರಕ್ಕೆ ತಕ್ಕಡಿ ಬಂತು. ಹೆಂಗಸರ ಕಣ್ಣೆದುರೇ ತೂಕ, ಕೆ.ಜಿ.ಗೆ ಇಷ್ಟು ಎಂದು ವಾರಕ್ಕೊಮ್ಮೆ ಲೆಕ್ಕ. ಅವರು ಇದನ್ನು ಸಾಕ್ಷಿಯಾಗಿ ಸಭೆಯಲ್ಲಿ ಹೇಳಲಿಲ್ಲ. ನಮಗೆ ಗೊತ್ತಾಗಿದ್ದು ಸುಲಿಯುವವರ ಬಾಯಿಂದ. ಅವರ ಸಿಟ್ಟು ಮಾತ್ರ ತುಂಬಾ ವರ್ಷ ಹಾಗೇ ಇತ್ತು. ಹೆಂಡತಿಯ ಮೇಲೆ ರೇಗುವುದು ಕಡಿಮೆಯಾಗಲು ಇನ್ನೂ ಕಾಲ ಹಿಡಿಯಿತು. ಅಂದರೆ ಮನುಷ್ಯ ಒಂದೇ ಸಲಕ್ಕೆ ಎಲ್ಲ ಕಡೆಯೂ ಬೆಳೆಯುವುದಿಲ್ಲ.

ನೆರಳಿನಲ್ಲಿ ಒತ್ತಾಗಿ ನೆಟ್ಟ ಅಡಿಕೆ ಮರ ಬೆಳಕು ಹುಡುಕಿಕೊಂಡು ಎತ್ತರಕ್ಕೆ ಹೋಗುತ್ತದೆ, ಗೊನೆ ಮಾತ್ರ ಕಡಿಮೆ. ಸಭೆಯಲ್ಲಿ ಕೆಲವರು ಹಾಗೇ ಎತ್ತರ ಆಗಿರುತ್ತಾರೆ. ಹಾಗಾಗಿ ನಾನು ಯಾರನ್ನಾದರೂ ಬೆಳೆದವರು ಎಂದು ನಂಬುವ ಮೊದಲು ಅವರ ಕೈಕೆಳಗೆ ಇರುವವರನ್ನು ನೋಡುತ್ತೇನೆ. ಹೆಂಡತಿ, ಮಕ್ಕಳು, ಆಳುಗಳು. 1 ತಿಮೊಥೆ 3ರಲ್ಲಿ ಸಭೆ ನಡೆಸುವವನಿಗೆ ಹೊರಗಿನವರಿಂದಲೂ ಒಳ್ಳೆಯ ಹೆಸರು ಇರಬೇಕು ಎಂದಿದೆ. ನಿಮ್ಮ ಪಕ್ಕದ ಮನೆಯವರ ಪ್ರಶ್ನೆ ಚಿಕ್ಕದಲ್ಲ ತಂಗಿ. ಅದನ್ನು ಕೇಳುವ ಹಕ್ಕು ಅವರಿಗೆ ಸತ್ಯವೇದವೇ ಕೊಟ್ಟಿದೆ.

ಸಾಗರದಿಂದ, ಕಥೋಲಿಕ ಗೃಹಿಣಿ

ನಮ್ಮ ಮನೆಮಾತು ಕೊಂಕಣಿ. ಹಿರಿಯರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನದ ಹಬ್ಬ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ತೆನೆ ಮನೆಗೆ ತಂದು, ಹೊಸ ಅಕ್ಕಿ ಕಾಳು ಬೆರೆಸಿ, ಮನೆಮಂದಿ ಎಲ್ಲರೂ ಒಟ್ಟಿಗೆ ಉಣ್ಣಬೇಕು.

ನನ್ನ ಇಬ್ಬರು ಮಾವಂದಿರಿಗೆ ಬೇಲಿ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಇಬ್ಬರೂ ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗುವವರೇ, ಪ್ರಸಾದ ತೆಗೆದುಕೊಳ್ಳುವವರೇ. ಒಂದು ವರ್ಷ ಹಬ್ಬದ ದಿನ ಅಜ್ಜಿ ಬಡಿಸಲು ಒಪ್ಪಲಿಲ್ಲ. "ಕಾಣಿಕೆಯನ್ನೇ ಬಲಿಪೀಠದ ಹತ್ತಿರ ಬಿಟ್ಟು ಮೊದಲು ಅಣ್ಣನ ಹತ್ತಿರ ರಾಜಿಯಾಗು ಅಂತ ಯೇಸು ಹೇಳಿದ್ದಾರೆ, ಹೊಸ ಅನ್ನ ಏನು ಮಹಾ" ಎಂದು ಅನ್ನದ ಪಾತ್ರೆ ಮುಚ್ಚಿಟ್ಟು ಕೂತರು. ಮಕ್ಕಳೆಲ್ಲ ಹಸಿದು ಅಳುವಷ್ಟಾಯಿತು. ಕೊನೆಗೆ ಚಿಕ್ಕಮಾವ ಎದ್ದು ಹೋಗಿ ಅಣ್ಣನನ್ನು ಕರೆದುಕೊಂಡು ಬಂದರು. ಜಗಳ ಅಂದೇ ಮುಗಿಯಲಿಲ್ಲ. ಸರ್ವೆ ಮಾಡಿಸಿ ಕಲ್ಲು ಹಾಕಿದ ಮೇಲೇ ಮುಗಿದದ್ದು. ಆದರೆ ಮಾತು ಅಂದು ಶುರುವಾಯಿತು.

ನಮ್ಮಲ್ಲಿ ಗುರುಗಳ ಹತ್ತಿರ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆ ಇದೆ. ಆದರೆ ಬೇರೆಯವರ ದುಡ್ಡು ಇಟ್ಟುಕೊಂಡವರು ಅದನ್ನು ಹಿಂದೆ ಕೊಡಬೇಕು ಎಂದೇ ಚರ್ಚು ಕಲಿಸುತ್ತದೆ. ಮನಸ್ಸಿನಲ್ಲಿ ಪಶ್ಚಾತ್ತಾಪ ಪಟ್ಟರೆ ಸಾಲದು. ಸತ್ಯವೇದದಲ್ಲಿ ಬರುವ ಸುಂಕದವನು ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದ, ಅಲ್ವಾ?

ಶಿವಮೊಗ್ಗದಿಂದ, ಕಾಲೇಜು ವಿದ್ಯಾರ್ಥಿ

ನನ್ನ ನೋವು ಬೇರೆ ಥರದ್ದು. ನಮ್ಮ ಸಭೆಯಲ್ಲಿ ಲೌಕಿಕ ಅಂದರೆ ಸಿನಿಮಾ, ಒಡವೆ, ಜೀನ್ಸ್. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಗೆಳೆಯನ ಗದ್ದೆಗೆ ಹೋಗಿ ಊಟ ಮಾಡಿ ಬಂದೆ ಎಂದು ನನ್ನನ್ನು ಯುವಜನರ ಹಾಡಿನ ತಂಡದಿಂದ ಕೆಲವು ತಿಂಗಳು ಹೊರಗೆ ಇಟ್ಟರು. ವಿಗ್ರಹಕ್ಕೆ ಅರ್ಪಿಸಿದ ಊಟದ ಪ್ರಶ್ನೆ 1 ಕೊರಿಂಥ 8ರಿಂದ 10ರ ತನಕ ಇದೆ, ಅದನ್ನು ಕೂತು ಓದಿ ಮಾತಾಡೋಣ ಎಂದು ಕೇಳಿಕೊಂಡೆ. ಯಾರೂ ಕೂರಲಿಲ್ಲ.

ಗಲಾತ್ಯ 5ರಲ್ಲಿ ಶರೀರಭಾವದ ಕರ್ಮಗಳ ಪಟ್ಟಿ ಇದೆ. ಜಾರತ್ವ, ವಿಗ್ರಹಾರಾಧನೆ, ಕುಡಿತ ಅದರಲ್ಲಿವೆ. ಆದರೆ ಪಟ್ಟಿಯ ಸುಮಾರು ಅರ್ಧ ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಪಕ್ಷ ಕಟ್ಟುವುದು, ಭೇದ ಹುಟ್ಟಿಸುವುದು. ಈ ಅರ್ಧಕ್ಕೆ ಯಾವ ಸಭೆಯಲ್ಲೂ ಯಾರನ್ನೂ ಹೊರಗೆ ಇಟ್ಟಿದ್ದು ನಾನು ನೋಡಿಲ್ಲ. ಕಮಿಟಿ ಚುನಾವಣೆಯಲ್ಲಿ ನಡೆಯುವುದು ಅದೇ ಅರ್ಧ ಅಕ್ಕ. ನನ್ನ ವಯಸ್ಸಿನವರು ಸಭೆ ಬಿಡುತ್ತಿರುವುದು ಸಿನಿಮಾಕ್ಕಾಗಿ ಅಲ್ಲ, ಇದನ್ನು ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಓದುತ್ತಾ ಅತ್ತುಬಿಟ್ಟೆ. ಮಾತಾಡಬೇಕು ಎಂದು ಮನಸ್ಸು ಗಟ್ಟಿಯಾಗಿದೆ. ಆದರೆ ನಾನು ಈ ಊರಿನ ಸೊಸೆ, ವಯಸ್ಸಿನಲ್ಲಿ ಚಿಕ್ಕವಳು. ಎಲ್ಲಿಂದ ಶುರು ಮಾಡಲಿ? ಅವರು ಇನ್ನೂ ಬೆಳೆಯುತ್ತಿದ್ದಾರೆ ಎಂದು ಎಷ್ಟು ದಿನ ಕಾಯಬೇಕು?

ಎನ್.ಆರ್. ಪುರದಿಂದ

ಎಷ್ಟು ದಿನ ಎಂಬುದಕ್ಕೆ ನಾನು ಹೇಳುತ್ತೇನೆ. ತಪ್ಪು ಯಾವುದು ಎಂಬುದರ ಮೇಲೆ ಅದು ನಿಂತಿದೆ. ಸಿಡುಕು, ಜಂಬ, ಚಾಡಿ ಇದ್ದರೆ ಕಾಯಿರಿ, ಪ್ರಾರ್ಥಿಸಿ, ಸಹಿಸಿ. ದುಡ್ಡು ನುಂಗಿದರೆ, ಹೆಂಗಸರ ಅಥವಾ ಮಕ್ಕಳ ಮೈಮೇಲೆ ಕೈ ಹಾಕಿದರೆ ಅದನ್ನು ಆತ್ಮಿಕ ಎಳೆತನ ಎಂದು ಕರೆಯಲೇಬೇಡಿ. ನಮ್ಮ ಕಡೆ ಪ್ರಾರ್ಥನೆ ನಡೆಸುತ್ತಿದ್ದ ಒಬ್ಬರು ಸಭೆಯವರಿಂದಲೇ ಚೀಟಿ ಕಟ್ಟಿಸಿಕೊಂಡರು. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಬೇಕಾದ ನೋಂದಣಿ ಇರಲಿಲ್ಲ. ದುಡ್ಡು ಹೋಯಿತು. ಕೇಳಲು ಹೋದವರಿಗೆ 1 ಕೊರಿಂಥ 6 ಓದಿ, ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಎಂದರು. ಅದೇ ಅಧ್ಯಾಯದ 8ನೇ ವಚನದಲ್ಲಿ ನೀವೇ ಅನ್ಯಾಯ ಮಾಡುತ್ತೀರಿ, ನಿಮ್ಮ ಸಹೋದರರನ್ನೇ ಮೋಸ ಮಾಡುತ್ತೀರಿ ಎಂದಿದೆ. ಅದನ್ನು ಯಾರೂ ಓದಲಿಲ್ಲ. ವಿಧವೆಯರ ದುಡ್ಡೂ ಅದರಲ್ಲಿ ಇತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಕ್ಕಳ ವಿಷಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಯಾರ ಅಪ್ಪಣೆಗೂ ಕಾಯಬೇಡಿ. ಕೂಲಿ ಬಾಕಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಆದರೆ ನಿಮ್ಮ ಪ್ರಕರಣದಲ್ಲಿ ಮೊದಲು ಮಾತಾಡಿ ನೋಡಿ.

ತೀರ್ಥಹಳ್ಳಿ ಕಡೆಯಿಂದ, ಅಡಿಕೆ ಬೆಳೆಗಾರ

ಎಲ್ಲಿಂದ ಶುರು ಅಂದಿರಲ್ಲ. ಮತ್ತಾಯ 18ರ ಪ್ರಕಾರ ಮೊದಲು ಒಬ್ಬರೇ ಹೋಗಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ಆದರೆ ಅದು ತಪ್ಪಿಗೆ ಗುರಿಯಾದವರಿಗೆ ಹೇಳಿದ ದಾರಿ. ಇಲ್ಲಿ ಬಾಕಿ ಬರಬೇಕಾಗಿರುವುದು ನಿಮಗಲ್ಲ, ಆ ಹೆಂಗಸರಿಗೆ. ಆದ್ದರಿಂದ ಮೊದಲು ಪಕ್ಕದ ಮನೆಯವರ ಹತ್ತಿರ ಕೂತು ಕೇಳಿ: ನಾನು ಈ ಮಾತು ಎತ್ತಬಹುದಾ, ಎತ್ತಿದರೆ ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತದಾ? ಅವರು ಬೇಡ ಅಂದರೆ ನಿಲ್ಲಿಸಿ. ಕೆಲಸ ಹೋದರೆ ಒಲೆ ಉರಿಯದಿರುವುದು ಅವರ ಮನೆಯಲ್ಲಿ.

ಅವರು ಹೂಂ ಅಂದರೆ ಯಾರಿಗೆ ಎಷ್ಟು ದಿನದ್ದು ಎಷ್ಟು ಬಾಕಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಭೆಯಲ್ಲಿ ಆ ಹಿರಿಯರು ಗೌರವ ಕೊಡುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಭಾನುವಾರ ಬೇಡ, ಎಲ್ಲರ ಎದುರು ಬೇಡ. ವಾರದ ನಡುವೆ ಸಂಜೆ, ಅವರ ಹೆಂಡತಿಯೂ ಮನೆಯಲ್ಲಿರುವಾಗ. ಅವರ ಪ್ರಾರ್ಥನೆಯಿಂದ ನಿಮಗೆ ಆದ ಒಳ್ಳೆಯದನ್ನು ಮೊದಲು ಹೇಳಿ, ಅದೂ ನಿಜವೇ ತಾನೇ. ಆಮೇಲೆ ಪಕ್ಕದ ಮನೆಯವರು ಕೇಳಿದ ಮಾತನ್ನು ಹೆಸರು ಹೇಳದೆ ತಿಳಿಸಿ. ಆತ್ಮಿಕ, ಲೌಕಿಕ ಎಂಬ ಮಾತೇ ತೆಗೆಯಬೇಡಿ. ಹಾಳೆ ಕೊಡಿ, ಯಾವಾಗ ಕೊಡುತ್ತೀರಿ ಎಂದು ಕೇಳಿ. ಮುಂದಿನ ಸಂತೆಯೊಳಗೆ ಅರ್ಧ ಕೊಟ್ಟರೂ ಬರೆದಿಟ್ಟುಕೊಳ್ಳಿ, ಉಳಿದದ್ದಕ್ಕೆ ಮತ್ತೆ ಹೋಗಿ. ಏನಾಯಿತು ಎಂದು ಇಲ್ಲಿ ತಿಳಿಸಿ, ನಾವೂ ಪ್ರಾರ್ಥನೆ ಮಾಡುತ್ತಿರುತ್ತೇವೆ.