ಮೂರು ಚೆಂಡಿನ ಜಗ್ಲಿಂಗ್: ಮಕ್ಕಳು ಚೆಂಡಿನ ಹಿಂದೆ ಓಡ್ತಾರೆ, ಏನು ಮಾಡೋದು?

ಪ್ರಶ್ನೆ: ಬೇಸಿಗೆ ಶಿಬಿರದಲ್ಲಿ 10–12 ವರ್ಷದ ಮಕ್ಕಳಿಗೆ ಟೆನಿಸ್ ಬಾಲಿನಲ್ಲಿ ಜಗ್ಲಿಂಗ್ (ಚೆಂಡುಗಳನ್ನು ಒಂದರ ಹಿಂದೊಂದು ಮೇಲಕ್ಕೆಸೆದು ಹಿಡಿಯೋ ಆಟ) ಕಲಿಸ್ತಿದ್ದೇವೆ. ಎರಡನೇ ಚೆಂಡನ್ನು ಎಸೆಯದೆ ಕೈಯಿಂದ ಕೈಗೆ ದಾಟಿಸ್ತಾರೆ, ಹಿಡಿಯೋಕೆ ಮುಂದೆ ಓಡ್ತಾರೆ. ಅಜ್ಜ-ಅಜ್ಜಿಯರಿಗೂ ಕಲಿಸಬಹುದಾ?

ಉತ್ತರ 1: ಮೊದಲು ಟೆನಿಸ್ ಬಾಲ್ ಬಿಡಿ. ಪುಟಿದು ಮೂಲೆ ಸೇರುತ್ತೆ, ಅರ್ಧ ಕ್ಲಾಸು ಹೆಕ್ಕೋದರಲ್ಲೇ ಕಳೆಯುತ್ತೆ. 120 ಗ್ರಾಂ ರಾಗಿಯನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಕುತ್ತಿಗೆ ಕತ್ತರಿಸಿದ ಎರಡು ಬಲೂನುಗಳನ್ನು ಎದುರುಬದುರಾಗಿ ತೊಡಿಸಿ. ಬಿದ್ದಲ್ಲೇ ಕೂರುತ್ತೆ.

ಕೈಗೆ ದಾಟಿಸೋದು ಅವಸರದಿಂದ. ಎರಡೇ ಚೆಂಡು ಕೊಡಿ. ಮೊದಲನೆಯದು ಕಣ್ಣಿನ ಮಟ್ಟಕ್ಕೇರಿ ಇಳಿಯೋ ಹೊತ್ತಿಗೆ ಎರಡನೆಯದು ಅದರ ಕೆಳಗಿಂದ ಹೋಗಬೇಕು. ಹಿಡಿಯೋದೇ ಬೇಡ, "ಎಸಿ, ಎಸಿ" ಅನ್ನುತ್ತಾ ಎರಡನ್ನೂ ನೆಲಕ್ಕೆ ಬೀಳಿಸಲಿ. ಎಡಗೈಯಿಂದಲೂ ಶುರು ಮಾಡಿಸಿ, ಬಹಳ ಜನ ಇದನ್ನೇ ಮರೀತಾರೆ.

ಉತ್ತರ 2: ಓಡೋರನ್ನು ಗೋಡೆಗೆ ಮುಖ ಮಾಡಿಸಿ ಎರಡಡಿ ದೂರದಲ್ಲಿ ನಿಲ್ಲಿಸಿ. ಚೆಂಡು ಮುಂದೆ ಹೋದರೆ ಗೋಡೆಗೆ ಬಡಿದು ತಪ್ಪು ತಕ್ಷಣ ಗೊತ್ತಾಗುತ್ತೆ. ಮೊಣಕೈ ಸೊಂಟದ ಪಕ್ಕದಲ್ಲೇ ಇರಲಿ.

ಉತ್ತರ 3: ಹಿರಿಯರಿಗೆ ಖಂಡಿತ ಕಲಿಸಿ, ಆದರೆ ತೆಳು ನೈಲಾನ್ ಸ್ಕಾರ್ಫಿನಲ್ಲಿ. ನಿಧಾನ ಇಳಿಯುತ್ತೆ, ಕಣ್ಣಿಗೂ ಕೈಗೂ ಸಮಯ ಸಿಗುತ್ತೆ. ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ಬಿದ್ದದ್ದನ್ನು ನೀವೇ ಎತ್ತಿಕೊಡಿ. ಪದೇ ಪದೇ ಬಗ್ಗಿದರೆ ತಲೆ ಸುತ್ತಬಹುದು. ಭುಜ ನೋವಿದ್ದವರು ಮೊದಲು ಫಿಸಿಯೋಥೆರಪಿಸ್ಟನ್ನು ಕೇಳಲಿ. ಫ್ಯಾನ್ ಆಫ್ ಮಾಡಿ!