ಗ್ರಾಫಿಕ್ಸ್ ಕಾರ್ಡ್ ಫ್ಯಾನಿನ ಸದ್ದು: ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ?

ಪ್ರಶ್ನೆ: ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆಂದಿದ್ದೇನೆ. ಒಂದೇ ಮಾದರಿಯ ಬಗ್ಗೆ ಒಬ್ಬರು ‘ವಿಮಾನ ಏರಿದ ಹಾಗೆ’ ಎನ್ನುತ್ತಾರೆ, ಇನ್ನೊಬ್ಬರು ‘ಸದ್ದೇ ಇಲ್ಲ’ ಎನ್ನುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಈಗಿನ ಬಹುಪಾಲು ಕಾರ್ಡುಗಳಲ್ಲಿ ಚಿಪ್ ಸುಮಾರು 50–60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗುವವರೆಗೆ ಫ್ಯಾನ್ ತಿರುಗುವುದೇ ಇಲ್ಲ. ಬರವಣಿಗೆ, ವಿಡಿಯೊ ನೋಡುವುದು ಇಷ್ಟಕ್ಕೇ ಬಳಸುವವರಿಗೆ ಸದ್ದು ಎಲ್ಲಿಂದ ಕೇಳಿಸಬೇಕು? ಅದೇ ಕಾರ್ಡಿನಲ್ಲಿ ಗಂಟೆಗಟ್ಟಲೆ ಆಟವಾಡುವವರ ಅನುಭವ ಬೇರೆ. ಯಾರ ಮಾತನ್ನೇ ಓದಿದರೂ, ಅವರು ಏನು ಮಾಡುತ್ತಿದ್ದಾಗ, ಎಷ್ಟು ದೂರದಿಂದ ಕೇಳಿದರು ಎಂಬುದನ್ನು ಮೊದಲು ಹುಡುಕಿ.

ದೂರವೆಂಬುದು ಸಣ್ಣ ಸಂಗತಿಯಲ್ಲ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಬ್ಬರು ಅರ್ಧ ಮೀಟರಿನಿಂದ, ಇನ್ನೊಬ್ಬರು ಒಂದು ಮೀಟರಿನಿಂದ ಅಳೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ. ವಿಡಿಯೊಗಳಂತೂ ಇನ್ನೂ ದಾರಿ ತಪ್ಪಿಸುತ್ತವೆ. ಮೈಕ್ ಫ್ಯಾನಿನ ಪಕ್ಕದಲ್ಲೇ ಇರುತ್ತದೆ, ಮೊಬೈಲ್ ತಾನಾಗಿಯೇ ಸಣ್ಣ ಸದ್ದನ್ನು ಹಿಗ್ಗಿಸುತ್ತದೆ.

ಹಾಗೆಂದು ದೂರುಗಳೆಲ್ಲ ಪೊಳ್ಳಲ್ಲ. 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡಿನ ಸದ್ದು ಎಷ್ಟು ಕುಖ್ಯಾತವಾಗಿತ್ತೆಂದರೆ, ಅದನ್ನು ತಂದ ಎನ್‌ವಿಡಿಯಾ ಸಂಸ್ಥೆಯೇ ಅದರ ಬಗ್ಗೆ ಅಣಕು ವಿಡಿಯೊ ಮಾಡಿತು. 2013ರ ರೇಡಿಯಾನ್ ಆರ್9 290ಎಕ್ಸ್ ಕೂಡ ಬ್ಲೋವರ್ ಫ್ಯಾನಿನ (ಬಿಸಿಗಾಳಿಯನ್ನು ಕಾರ್ಡಿನ ಹಿಂಬದಿಯಿಂದ ಹೊರತಳ್ಳುವ ಒಂಟಿ ಫ್ಯಾನ್) ಮೂಲ ವಿನ್ಯಾಸದಲ್ಲಿ ಗದ್ದಲದ ಕಾರ್ಡೇ. ಅದೇ ಚಿಪ್ಪಿಗೆ ಬೇರೆ ತಯಾರಕರು ದೊಡ್ಡ ಹೀಟ್‌ಸಿಂಕ್ (ಚಿಪ್ಪಿನ ಬಿಸಿಯನ್ನು ಹೀರಿ ಹರಡುವ ಲೋಹದ ಭಾಗ), ಎರಡು-ಮೂರು ಫ್ಯಾನ್ ಕೂರಿಸಿದಾಗ ಸದ್ದು ಬಹಳ ತಗ್ಗಿತು. ಆದ್ದರಿಂದ ಚಿಪ್ಪಿನ ಹೆಸರನ್ನಷ್ಟೇ ನೋಡಬೇಡಿ, ನೀವು ಕೊಳ್ಳಲಿರುವ ಕಾರ್ಡಿನ ಕೂಲರ್, ಅಂದರೆ ಹೀಟ್‌ಸಿಂಕ್-ಫ್ಯಾನುಗಳ ಜೋಡಣೆ, ಯಾವುದೆಂದು ನೋಡಿ.

ನನ್ನ ಕಿವಿಗೆ ಕಿರಿಕಿರಿ ತಂದದ್ದು ಸದ್ದಿನ ಪ್ರಮಾಣಕ್ಕಿಂತ ಅದರ ಏರಿಳಿತ. ಒಂದೇ ಸಮನೆ ಬೀಸುವ ಗಾಳಿಯ ಸದ್ದು ಬೇಗ ಒಗ್ಗಿಹೋಗುತ್ತದೆ. ಫ್ಯಾನ್ ನಿಂತು, ಮತ್ತೆ ಗುರ್ ಎಂದು ಹೊರಟು, ಮತ್ತೆ ನಿಂತರೆ ಗಮನವೆಲ್ಲ ಅತ್ತಲೇ. ವೇಗ ನಿಧಾನವಾಗಿ ಏರುವಂತೆ ಫ್ಯಾನ್ ಕರ್ವ್ (ಯಾವ ಬಿಸಿಗೆ ಎಷ್ಟು ವೇಗ ಎಂಬ ಹೊಂದಿಕೆ) ಬದಲಿಸಿದೆ, ಕಾರ್ಡ್ ಬಳಸುವ ವಿದ್ಯುತ್ತಿನ ಮಿತಿಯನ್ನು ಸ್ವಲ್ಪ ಇಳಿಸಿದೆ. ಆಟದ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ, ಸದ್ದಿನಲ್ಲಿ ಚೆನ್ನಾಗಿಯೇ ಕಂಡಿತು. ಅದಕ್ಕೆ ಕಾರಣವಿದೆ: ಫ್ಯಾನಿನ ವೇಗ ಅರ್ಧವಾದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬೆಲ್ ತಗ್ಗುತ್ತದೆ; 10 ಡೆಸಿಬೆಲ್ ತಗ್ಗಿದರೇ ಕಿವಿಗೆ ಅರ್ಧವಾದಂತೆ ಅನ್ನಿಸುತ್ತದೆ.

ಉತ್ತರ 2: ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಫ್ಯಾನಿನದೆಂದು ಜನ ದೂರುವ ಸದ್ದು ಎಷ್ಟೋ ಸಲ ಫ್ಯಾನಿನದಲ್ಲ. ಆಟದ ಮೆನು ತೆರೆದಾಗ ಸಣ್ಣಗೆ ಕೀರಲು ದನಿ ಬಂದು, ಫ್ರೇಮ್ ದರಕ್ಕೆ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮಿತಿ ಹಾಕಿದೊಡನೆ ತಗ್ಗಿದರೆ, ಅದು ಕಾರ್ಡಿನಲ್ಲಿರುವ ಕಾಯಿಲ್‌ಗಳು (ತಂತಿಯ ಸುರುಳಿಗಳು) ಕಂಪಿಸುವ ಸದ್ದು. ಫ್ಯಾನ್ ಬದಲಿಸಿದರೂ ಅದು ಹೋಗದು. ಒಂದೇ ಮಾದರಿಯ ಎರಡು ಕಾರ್ಡುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಹಾಗಾಗಿ ಹಿಂದಿರುಗಿಸುವ ಅವಕಾಶವಿರುವ ಕಡೆಯೇ ಕೊಳ್ಳಿ.

ಉತ್ತರ 3: ಮನೆಗೆ ತಂದ ಮೇಲೆ ಸಾಫ್ಟ್‌ವೇರಿನಲ್ಲಿ ಕಾರ್ಡಿನ ಫ್ಯಾನ್ ವೇಗವನ್ನು 30, 40, 50 ಶೇಕಡಾ ಎಂದು ಏರಿಸುತ್ತಾ ನಿಮ್ಮ ಕುರ್ಚಿಯಲ್ಲೇ ಕುಳಿತು ಕೇಳಿ. ಸದ್ದು ಬದಲಾಗದಿದ್ದರೆ ಕ್ಯಾಬಿನೆಟ್ಟಿನ ಅಥವಾ ಪ್ರೊಸೆಸರಿನ ಫ್ಯಾನನ್ನು ಪರೀಕ್ಷಿಸಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಾಗ ಕಾರ್ಡ್ ತಣ್ಣಗಾಗಿ ಫ್ಯಾನ್ ನಿಧಾನವಾದರೆ, ಒಳಗೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ.